ಅಟ್ಟದ ಕೆಳಗಿನ ತೊಟ್ಟಿಲು

ತಿಪಟೂರಿನಲ್ಲಿ ಸಿನಿಮಾದ ಮಧ್ಯಾಹ್ನದ ಆಟಕ್ಕೆ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಹಿಂದೆ ನಿಜವಾಗಿ ನಡೆದ ಒಂದು ಭೂಕಂಪದ ಕತೆ ಎಂದು ಗೊತ್ತಿತ್ತು. ಗೊತ್ತಿದ್ದರೆ ತಡೆದುಕೊಳ್ಳಬಹುದು ಎಂದುಕೊಂಡಿದ್ದೆ. ಮನೆಗಳು ಬೀಳುವಾಗ ತಡೆದುಕೊಂಡೆ ಕೂಡ.

ಸಿನಿಮಾ ಮುಗಿದ ಮೇಲೆ ಆ ಊರಿನ ನಿಜವಾದ ಫೋಟೊಗಳನ್ನು ತೋರಿಸಿದರು. ಒಂದರಲ್ಲಿ ಕಲ್ಲುಮಣ್ಣಿನ ರಾಶಿ, ಅದರ ಮೇಲೆ ಓರೆಯಾಗಿ ಬಿದ್ದ ತೊಲೆ, ತೊಲೆಗೆ ಕಟ್ಟಿದ ತೊಟ್ಟಿಲ ಹಗ್ಗ. ಹಗ್ಗ ಬಿಗಿಯಾಗಿ ರಾಶಿಯೊಳಕ್ಕೆ ಇಳಿದಿತ್ತು. ಅಷ್ಟೇ. ಸುತ್ತಲಿನವರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ನನಗೆ ಏಳಲಾಗಲಿಲ್ಲ.

ಬೈಕಿನಲ್ಲಿ ನಮ್ಮೂರು ದಬ್ಬೇಘಟ್ಟಕ್ಕೆ ಬಂದೆವು.

ಬಾಣಂತನಕ್ಕೆ ಬಂದಿದ್ದ ತಂಗಿ ನಡುಮನೆಯಲ್ಲಿ ಮಗುವನ್ನು ತೂಗುತ್ತಿದ್ದಳು. ಅವಳ ಮೇಲೆ ಅಟ್ಟ. ಒಣಗಿ ಕೊಬ್ಬರಿಯಾಗಲೆಂದು ಹೋದ ವರ್ಷ ಏರಿಸಿದ ತೆಂಗಿನಕಾಯಿ ಗೋಡೆಯಿಂದ ಗೋಡೆಗೆ ತುಂಬಿತ್ತು. ಆ ಅಟ್ಟ ಹೊತ್ತ ತೊಲೆಗೇ ತೊಟ್ಟಿಲು ಕಟ್ಟಿತ್ತು. ಮನೆಯಲ್ಲಿ ಗಟ್ಟಿ ತೊಲೆ ಎಂದರೆ ಅದೇ. ನಾನೂ ಅದರ ಕೆಳಗೇ ಮಲಗಿ ಬೆಳೆದವನು. ಹೀಗೆ ತಲೆಯೆತ್ತಿ ನೋಡಿದ್ದಿಲ್ಲ.

“ಅಮ್ಮ, ತೊಟ್ಟಿಲು ಬಿಚ್ಚಿ ಪಡಸಾಲೇಲಿ ಕಟ್ಟಾಣ.”

“ಯಾಕ್ಲಾ?”

“ಮೇಲೆ ಅಷ್ಟೊಂದು ಕಾಯಿ ಅವೆ.”

“ನೀನು ಹುಟ್ದಾಗ ಅಟ್ಟದ ಮೇಲೆ ಹತ್ತಿ ತುಂಬಿದ್ವಾ?” ಅಮ್ಮ ತಂಗಿಯ ಕಡೆ ತಿರುಗಿ ನಕ್ಕಳು. “ದುಡ್ಡು ಕೊಟ್ಟು ಹೆದರ್ಕಂಡು ಬಂದವ್ನೆ ನೋಡೇ. ಪಡಸಾಲೇಲಿ ಗಾಳಿ ಕಣಪ್ಪ, ಎಳೇ ಕೂಸು.”

ನಮ್ಮ ಕಡೆ ಭೂಮಿ ಹಾಗೆ ನಡುಗಿದ್ದನ್ನು ನಾನು ಕೇಳಿಲ್ಲ. ತೊಲೆಯಲ್ಲಿ ಬಿರುಕೂ ಇರಲಿಲ್ಲ, ಗೆದ್ದಲೂ ಇರಲಿಲ್ಲ. ಎರಡು ಸಲ ನೋಡಿದೆ. ಆದರೂ ತೊಟ್ಟಿಲ ಅಂಚು ಹಿಡಿದು ಅಲ್ಲೇ ನಿಂತೆ. ಆಗ ಹೆಂಡತಿ ಆ ಫೋಟೊದಲ್ಲಿ ಕಂಡದ್ದನ್ನು, ಕಂಡಷ್ಟನ್ನೇ, ಮೆಲ್ಲಗೆ ಹೇಳಿದಳು. ತಂಗಿ ತೂಗುವುದನ್ನು ನಿಲ್ಲಿಸಿ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು.

ಅಮ್ಮ ತಲೆಯೆತ್ತಿ ಅಟ್ಟದ ಕಡೆ ನೋಡಿದಳು.

“ಆ ಕೂಸು ಸಿಕ್ತಾ?”

“ತೋರಿಸ್ಲಿಲ್ಲ,” ಎಂದೆ.

“ಅದರವ್ವ?”

ಅದನ್ನೂ ತೋರಿಸಿರಲಿಲ್ಲ. ಅಮ್ಮ ಸ್ಟೂಲು ಎಳೆದುಕೊಂಡಳು. ನಾನು ಹತ್ತುತ್ತೇನೆ ಎಂದರೂ ಬಿಡದೆ ತಾನೇ ಹತ್ತಿ ಗಂಟಿಗೆ ಕೈ ಹಾಕಿದಳು.

“ಗಾಳಿಗೆ ಕೂಸು ಅತ್ರೆ ನೀನೇ ಎದ್ದು ತೂಗ್ಬೇಕು ಕಣ್ಲಾ,” ಎಂದಳು. “ಹಿಡ್ಕ, ಬಿಚ್ತೀನಿ.”