ಸೋನಾಬಾಯಿಯ ಕೆಂಪು ಗಾಡಿ

ಕರ್ರ್ ಎಂಬ ಸಪ್ಪಳ. ತಗಡಿನ ಮೇಲೆ ಮೊಳೆ ಎಳೆದಂತೆ, ಹಲ್ಲು ಜುಮ್ಮೆನ್ನುವಂಥದ್ದು. ಉಗಾರ ಬುದ್ರುಕದ ಆ ಓಣಿಯಲ್ಲಿ ಅದು ಕೇಳಿಸಿದರೆ ಯಾರೂ ಬಾಗಿಲಿಗೆ ಬಂದು ನೋಡುತ್ತಿರಲಿಲ್ಲ. ಸೋನಾಬಾಯಿಯ ಗಾಡಿ ಓಣಿಯ ಬಾಯಲ್ಲಿರುವ ಉಬ್ಬು ದಾಟಿತು ಎಂದು ಕೂತಲ್ಲೇ ತಿಳಿದುಕೊಳ್ಳುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರುಗಳು ಜೋರಾಗಿ ನುಗ್ಗದಿರಲೆಂದು ಊರವರೇ ಸೇರಿ ಹಾಕಿದ ಉಬ್ಬು ಅದು. ಟ್ರಾಲಿಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡೇ ಬಾಗಿಲು, ಎರಡೇ ಸೀಟು ಇರುವ, ನೆಲಕ್ಕೆ ಎದೆಯಾನಿಸಿ ಮಲಗಿದಂತೆ ಕಾಣುವ ಆ ಕೆಂಪು ಸ್ಪೋರ್ಟ್ಸ್ ಕಾರಿಗೆ ಮಾತ್ರ ಪ್ರತಿಸಲವೂ ಹೊಟ್ಟೆ ಕೆತ್ತಿಹೋಗುತ್ತಿತ್ತು.

ಗಾಡಿ ಮೊದಲು ಇಚಲಕರಂಜಿಯ ಯಾರೋ ಸಾಹುಕಾರರದ್ದು. ನೆರೆಯ ನೀರು ಕುಡಿದು ಕೆಟ್ಟು, ಗುಜರಿಗೆ ಹೋಗಲೆಂದು ಒಂದು ಗ್ಯಾರೇಜಿನ ಹಿತ್ತಿಲಲ್ಲಿ ನಿಂತಿತ್ತು. ಸೋನಾಬಾಯಿ ಮದುವೆಯೊಂದಕ್ಕೆ ಸೀರೆ ತರಲು ಅಲ್ಲಿಗೆ ಹೋದವಳು, ಸೀರೆ ಬಿಟ್ಟು ಗಾಡಿ ತಂದಳು. ಎಂಜಿನ್ನಿಗೆ ಆ ಗ್ಯಾರೇಜಿನವನೇ ಜೀವ ಬರಿಸಿ ಕೊಟ್ಟಿದ್ದ. ಆದರೆ ಸ್ಪ್ರಿಂಗುಗಳು ಸೋತು ಕುಗ್ಗಿದ್ದವು, ಕುಲುಕಾಟ ತಡೆಯುವ ಶಾಕಪ್ಸರುಗಳು ತುಕ್ಕು ಹಿಡಿದಿದ್ದವು, ಟಾಯರುಗಳು ಒಣಗಿದ ಕೆರೆಯಂತೆ ಬಿರಿದಿದ್ದವು.

ಈ ವಯಸ್ಸಿನಲ್ಲಿ ಇದೇಕೆ ಎಂದು ಊರು ಕೇಳಿತು. ಊರು ಕೇಳುವುದು ಅವಳಿಗೆ ಹೊಸದೇನಲ್ಲ. ಗಂಡ ಸತ್ತ ವರ್ಷ, ಮಗ ಸಂಜಯ ಇನ್ನೂ ಕಂಕುಳಲ್ಲಿದ್ದಾಗ, ಹೊಲವನ್ನು ಪಾಲಿಗೆ ಹಾಕು ಎಂದು ಎಲ್ಲರೂ ಬುದ್ಧಿ ಹೇಳಿದ್ದರು. ಅವಳು ಕಚ್ಚೆ ಬಿಗಿದು ಟ್ರ್ಯಾಕ್ಟರು ಹತ್ತಿದಳು. ಮೊದಲ ದಿನ ಬದು ಮುರಿದಳು, ಮರುದಿನ ಪಕ್ಕದವರ ಬೇಲಿ. ಆಮೇಲೆ ಏನನ್ನೂ ಮುರಿಯಲಿಲ್ಲ. ಕಾರಖಾನೆಯ ಸಾಲಿನಲ್ಲಿ ಜೋಡು ಟ್ರಾಲಿ ಕಬ್ಬು ಹಿಂದಿಟ್ಟುಕೊಂಡು, ಗಂಡಸರ ನಡುವೆ ರೊಟ್ಟಿ ಬಿಚ್ಚಿ ತಿಂದು, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ತೆಗೆದಳು. ಕೆಟ್ಟುನಿಂತ ಟ್ರಾಲಿಯ ಕೆಳಗೆ ತೂರಿ ತೂರಿ ಅವಳ ಮೊಣಕೈಗಳ ಚರ್ಮ ದಪ್ಪಗಾಯಿತು.

ಆ ಹಳೆಯ ಟ್ರ್ಯಾಕ್ಟರನ್ನು ಹೋದ ವರ್ಷ ಸಂಜಯ ಮಾರಿದ. ಹೊಸದು ಬಂತು. ಅದರ ಕೀಲಿ ಅವನ ಜೇಬು ಸೇರಿತು.

“ಅವ್ವಾ, ದುಡದದ್ದ ಸಾಕು. ಇನ್ನ ಆರಾಮ ಕುಂದ್ರು” ಎಂದು ಪಡಸಾಲೆಗೆ ಹಿತ್ತಾಳೆ ಸರಪಳಿಯ ಜೋಕಾಲಿ ತಂದು ಕಟ್ಟಿಸಿದ.

ಸೋನಾಬಾಯಿ ಆ ಜೋಕಾಲಿಯ ಮೇಲೆ ಶೇಂಗಾದ ಚೀಲ ಇಟ್ಟಳು. ಈಗಲೂ ಅಲ್ಲಿ ಶೇಂಗಾದ ಚೀಲವೇ ತೂಗುತ್ತದೆ.

ಕೆಂಪು ಗಾಡಿ ಬಂದದ್ದು ಅದಾದ ಮೇಲೆ. ಅಂಗಳದಲ್ಲಿ ಅದು ನಿಂತದ್ದನ್ನು ಕಂಡಾಗಲೆಲ್ಲ ಸಂಜಯನ ಹುಬ್ಬು ಗಂಟಾಗುತ್ತಿತ್ತು. ದಸರಾ ಹತ್ತಿರ ಬಂದಾಗ ಬಾಯಿಬಿಟ್ಟೇ ಹೇಳಿದ. ಅವರ ಮನೆಯಲ್ಲಿ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಎಲ್ಲ ಗಾಡಿಗಳೂ ಸಾಲಾಗಿ ಕೃಷ್ಣಾ ನದಿಗೆ ಹೋಗಿ, ಮೈತೊಳೆಸಿಕೊಂಡು, ಪೂಜೆ ಮಾಡಿಸಿಕೊಂಡು ಬರುವ ಪದ್ಧತಿ.

“ಆ ಸಾಲಿನ್ಯಾಗ ಇದೂ ನದೀಗೆ ಬಂದ್ರ ಮನ್ಯಾಗ ಇರಲಿ. ಬರದಿದ್ರ, ದಸರಾ ಆದಮ್ಯಾಲ ಅಥಣಿ ಗುಜರಿಯಂವಾ ಬಂದ ಒಯ್ತಾನ. ನಾ ಅವಗ ಮಾತ ಕೊಟ್ಟೇನಿ.”

“ಗಾಡಿ ನಂದು, ಮಾತ ನಿಂದು” ಎಂದಳು ಸೋನಾಬಾಯಿ. “ಅಂವಾ ಬಂದ್ರ ನಿನ್ನ ಮಾತ ಒಯ್ಯಲಿ. ಗಾಡಿ ನದೀಗೆ ಬರ್ತೈತಿ. ನಾನ ಹೊಡ್ಕೊಂಡ ಬರ್ತೇನಿ.”

ಸೊಸೆ ಶೈಲಾ ಚಿಕ್ಕೋಡಿಯ ಕಾಲೇಜಿನಲ್ಲಿ ಓದಿದವಳು. ಗಾಡಿಗೆ ಹೊಂದುವ ಸಾಮಾನನ್ನು ಮೊಬೈಲಿನಲ್ಲಿ ಹುಡುಕಿ ಕೊಲ್ಹಾಪುರದಿಂದ ತರಿಸಿದವಳು ಅವಳೇ. ಮೊದಲಿಗಿಂತ ತುಸು ಎತ್ತರದ, ಗಟ್ಟಿ ಸ್ಪ್ರಿಂಗುಗಳು. ಹೊಸ ಶಾಕಪ್ಸರುಗಳು. ನೆಲವನ್ನು ಅವಚಿ ಹಿಡಿಯುವಂಥ ಅಗಲ ಟಾಯರುಗಳು. ಟಾಯರುಗಳೇನೋ ಪಂಚರ್ ಅಂಗಡಿಯಲ್ಲಿ ಗಾಲಿಗೆ ಏರಿದವು. ಮಿಕ್ಕದ್ದಕ್ಕೆ ಪೇಟೆಯ ಮೆಕ್ಯಾನಿಕನೊಬ್ಬನನ್ನು ಕೇಳಿದರೆ ಅವನು, “ಮನ್ಯಾಗ ಗಂಡಸರ ಇಲ್ಲೇನ್ರಿ? ಅವರನ್ನ ಕಳಸ್ರಿ, ಮಾತಾಡ್ತೇನಿ” ಎಂದ. ಸೋನಾಬಾಯಿ ಅವನ ಹತ್ತಿರ ಸ್ಪ್ರಿಂಗು ಅದುಮುವ ಎರಡು ಉದ್ದನೆಯ ಸ್ಕ್ರೂಗಳನ್ನು ಬಾಡಿಗೆಗೆ ಇಸಿದುಕೊಂಡು ಮನೆಗೆ ಬಂದಳು. ಮಾತು ಬೇಕಾಗಿರಲಿಲ್ಲ.

ಅತ್ತೆ ಸೊಸೆ ಹಿಂಭಾಗದ ಕೆಲಸ ಮುಗಿಸಿ, ಗಾಡಿಯ ಮುಂಭಾಗವನ್ನು ಜಾಕಿನಿಂದ ಎತ್ತಿ ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂರಿಸಿದರು. ಸ್ಪ್ರಿಂಗು ಅದುಮುವಾಗ ಸೋನಾಬಾಯಿ ಶೈಲಾಳನ್ನು ಕಂಬದ ಹಿಂದೆ ನಿಲ್ಲಿಸಿದಳು. ತಾನು ಮುಖ ಪಕ್ಕಕ್ಕಿಟ್ಟು, ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು, ಎರಡೂ ಸ್ಕ್ರೂಗಳನ್ನು ಸಮಸಮ ತಿರುಗಿಸಿದಳು. ತಪ್ಪಿ ಸಿಡಿದರೆ ದವಡೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಉಸಿರು ಬಿಟ್ಟದ್ದು ಸ್ಪ್ರಿಂಗು ತನ್ನ ಜಾಗದಲ್ಲಿ ಕೂತ ಮೇಲೆಯೇ.

ಟ್ರಾಲಿ ರಿಪೇರಿ ಮಾಡುವ ಮೈದುನ ಧರೆಪ್ಪ ಎಲೆಯಡಿಕೆ ಮೆಲ್ಲುತ್ತ ನೋಡುತ್ತಿದ್ದ. “ವೈನೀ, ಈ ಸುರಳಿಗಿರಳಿ ಎಲ್ಲಾ ತಗದ ಒಗೀರಿ. ಟ್ರಾಲಿಯ ಉಕ್ಕಿನ ಪಟ್ಟಿಯ ಪಾಟಾ ಹಾಕೂಣು. ಹತ್ತ ಟನ್ ಕಬ್ಬ ಹೇರಿದ್ರೂ ಬಾಗಂಗಿಲ್ಲ.”

“ಕಬ್ಬ ಹೇರಾಕ ಡಿಕ್ಕಿ ನೋಡೀಯೇನ ಇದರದ? ನಿನ್ನ ಚಪ್ಪಲಿ ಜೋಡ ಸೈತ ಹಿಡಿಯಂಗಿಲ್ಲ.”

ಶೈಲಾ ಮೊಬೈಲು ನೋಡುತ್ತ ಹೇಳಿದಳು. “ಅತ್ತೀ, ತಳದ ಬೋಲ್ಟ ಈಗ ಬಿಗೀಬ್ಯಾಡ್ರಿ. ಗಾಲಿ ನೆಲಕ್ಕ ಊರಿ ಗಾಡಿ ಭಾರ ಬಿದ್ದಮ್ಯಾಲ ಬಿಗೀಬೇಕಂತ. ಅಲ್ಲೆ ಒಳಗ ರಬ್ಬರ ಐತ್ಯಂತ.”

“ನೀ ಹುಟ್ಟೂಕಿಂತ ಮೊದಲಿಂದ ಬೋಲ್ಟ ಬಿಗ್ಯಾಕತ್ತೇನಿ. ಎತ್ತೂದು, ಬಿಗಿಯೂದು, ಇಳಸೂದು. ಟ್ರಾಲಿ ಯಾವಾಗರೆ ನೆಲದ ಮ್ಯಾಲ ನಿಂದರಿಸಿ ಬಿಗದದ್ದ ನೋಡೀಯೇನ?”

ಆ ಸೀಮೆಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಗಾಲಿಗಳು ಗಾಳಿಯಲ್ಲಿ ತೂಗುತ್ತಿರುವಾಗಲೇ ಅವಳು ಎಲ್ಲವನ್ನೂ ಬಿಗಿದಳು. ಎರಡೂ ಪಾದ ಗೋಡೆಗೆ ಕೊಟ್ಟು, ಬೋಲ್ಟು ತಿರುಗಿಸುವ ಪಾನಾ ಕಿರುಗುಟ್ಟುವ ತನಕ.

ಖಂಡೆಪೂಜೆಯ ಹಿಂದಿನ ಸಂಜೆ ಗಾಡಿ ನೆಲಕ್ಕಿಳಿಯಿತು. ಇಳಿದದ್ದೇ ಮೂಗು ಮೇಲೆತ್ತಿ ನಿಂತಿತು, ಬೆದರಿದ ಹೋರಿಯಂತೆ. ಓಣಿಯಲ್ಲಿ ಓಡಿಸಿ ನೋಡಿದರೆ ಮುಂಭಾಗ ಪುಟಿಯುತ್ತಿತ್ತು, ಸಣ್ಣ ಕಲ್ಲಿಗೂ ಕಿಂಯ್ ಎಂದು ನರಳುತ್ತಿತ್ತು.

“ಅವ್ವಾ, ಗಾಡಿ ಕುಣ್ಯಾಕತ್ತೈತಲ್ಲ! ಹಲಗಿ ಬಾರಸಾಕ ಯಾರಿಗರೆ ಹೇಳಲೇನ?” ಎಂದು ನಕ್ಕ ಸಂಜಯ.

ಸೋನಾಬಾಯಿ ಬ್ಯಾಟರಿ ದೀಪ ಹಿಡಿದು ಕೆಳಗೆ ಇಣುಕಿದಳು. ಬೋಲ್ಟಿನ ಸುತ್ತಲಿನ ರಬ್ಬರು, ಹಿಂಡಿದ ಸೀರೆಯಂತೆ ನುಲಿದುಕೊಂಡಿತ್ತು. ತೂಗುವಾಗ ಇದ್ದ ಸ್ಥಿತಿಯಲ್ಲೇ ಅದನ್ನು ಬಿಗಿದುಹಾಕಿದ್ದಳು. ಈಗ ಭಾರ ಬಿದ್ದಾಗ ತಿರುಗಲಾರದೆ, ಗಾಡಿಯನ್ನೂ ಕೂರಗೊಡದೆ, ಹರಿಯಲು ಸಿದ್ಧವಾಗಿ ನಿಂತಿತ್ತು. ಹೀಗೆಯೇ ನದಿಯ ತನಕ ಓಡಿಸಿದರೆ ರಬ್ಬರು ಹರಿಯುವುದೇ ಸೈ.

ಅವಳು ಎದ್ದು ಸೀರೆ ಝಾಡಿಸಿಕೊಂಡಳು. “ಶೈಲಾ, ನಿನ್ನ ಮೊಬೈಲಿಗೆ ಬುದ್ಧಿ ಐತಿ.”

“ಓದಿ ಹೇಳಿದಾಕೀಗೆ?”

“ಆಕೀಗೆ ನಾಳೆ ಚಾ ಮಾಡ್ಕೊಡ್ತೇನಿ. ಗಾಲಿ ನೆಲದ ಮ್ಯಾಲ ಇರಬೇಕು, ನಾ ಗಾಡಿ ಕೆಳಗ ಇರಬೇಕು. ಹೆಂಗ, ಅದನ್ನ ಹೇಳಲಿ ನಿನ್ನ ಮೊಬೈಲು.”

ಮೊಬೈಲು ಹೇಳಲಿಲ್ಲ. ಹೇಳಿದ್ದು ಅಂಗಳದಾಚೆಯ ಹೊಲ. ಪೈಪ್‌ಲೈನಿಗೆಂದು ಸಂಜಯ ತೋಡಿಸಿದ ಉದ್ದನೆಯ ತಗ್ಗು ಅಲ್ಲಿ ಇನ್ನೂ ಮುಚ್ಚದೆ ಬಿದ್ದಿತ್ತು. ಬೆಳಗಾಗುತ್ತಲೇ ಸೋನಾಬಾಯಿ ಎರಡು ಗಾಲಿ ಈ ದಡಕ್ಕೆ, ಎರಡು ಗಾಲಿ ಆ ದಡಕ್ಕೆ ಬರುವಂತೆ ಗಾಡಿಯನ್ನು ತಗ್ಗಿನ ಮೇಲೆ ನಿಲ್ಲಿಸಿದಳು. ಇಳಿದು ಪಾನಾ ತರಲು ಕೊಟ್ಟಿಗೆಗೆ ಹೋದರೆ ಗೂಟ ಬರಿದಾಗಿತ್ತು.

ಪಾನಾ ದೇವರ ಮುಂದೆ ಕೂತಿತ್ತು. ಪಡಸಾಲೆಯಲ್ಲಿ ಕಂಬಳಿ ಹಾಸಿ ಸಂಜಯ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟಿದ್ದ. ಕುಡಗೋಲು, ಕೊಡಲಿ, ಕಬ್ಬು ಕಡಿಯುವ ಕೊಯ್ತಾ, ಜಾಕು, ಪಾನಾಗಳು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಮರುದಿನ ಬನ್ನಿ ಮುಡಿಯುವ ತನಕ ಯಾರೂ ಅವನ್ನು ಮುಟ್ಟುವಂತಿಲ್ಲ.

“ಈ ಸಲ ಭಾಳ ಲಗೂನ ಪೂಜಿ ಆತಲ್ಲ?” ಎಂದಳು ಸೋನಾಬಾಯಿ.

“ಹಬ್ಬ ಅಲ್ಲೇನವ್ವಾ” ಎಂದ ಸಂಜಯ, ಅವಳ ಮುಖ ನೋಡದೆ. “ಒಂದ ಗಾಡಿ ನದೀಗೆ ಬರದಿದ್ರ ಅದೇನ ದೊಡ್ಡದಲ್ಲ ಬಿಡು. ಮುಂದಿನ ವರ್ಷ ಬ್ಯಾರೇದ…”

ಅವಳು ಕಂಬಳಿಯ ಮುಂದೆ ಕೂತಳು. ಕೈ ಮುಗಿದಳು, ಕಣ್ಣು ಮುಚ್ಚಿದಳು, ತೆರೆದಳು. ಆಮೇಲೆ ಹೂವು ಸರಿಸಿ ತನ್ನ ದೊಡ್ಡ ಪಾನಾವನ್ನು ಎತ್ತಿಕೊಂಡಳು.

ಬಾಗಿಲಲ್ಲಿದ್ದ ಧರೆಪ್ಪನ ಬಾಯಿಂದ ಎಲೆಯಡಿಕೆ ಬೀಳುವುದೊಂದು ಬಾಕಿ. “ವೈನೀ! ಪೂಜಿಗೆ ಕುಂತದ್ದನ್ನ ಎಬ್ಬಿಸಬಾರದರೀ! ಮನಿಗೆ ಛಲೋ ಅಲ್ಲ!”

“ನೀವ ಪೂಜಿ ಮಾಡೂದು ದುಡ್ಯೂದಕ್ಕೋ, ಕುಂದ್ರೂದಕ್ಕೋ?” ಸೋನಾಬಾಯಿಯ ದನಿ ಏರಲಿಲ್ಲ. “ನನಗೂ ಹಿಂಗ ಹೂವಾ ಏರಿಸಿ ಒಂದ ಮೂಲ್ಯಾಗ ಕುಂದ್ರಿಸಬೇಕಂತ ಮಾಡೀರಿ. ನಾ ಕುಂದ್ರಂಗಿಲ್ಲ. ಇದೂ ಕುಂದ್ರಂಗಿಲ್ಲ. ದೇವ್ರಿಗೆ ಸಿಟ್ಟ ಬಂದ್ರ ನನಗ ಕೇಳಲಿ, ನಾ ತಗ್ಗಿನ್ಯಾಗ ಇರ್ತೇನಿ.”

ಸಂಜಯ ಅಡ್ಡ ಬರಲು ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಡಲಿಲ್ಲ.

ತಗ್ಗಿನ ಮಣ್ಣು ತಣ್ಣಗಿತ್ತು. ಶೈಲಾ ಹೇಳಿಸಿಕೊಳ್ಳದೆಯೇ ನೆರಿಗೆ ಎತ್ತಿ ಸಿಕ್ಕಿಸಿ ಅತ್ತೆಯ ಹಿಂದೆ ಇಳಿದು ಬ್ಯಾಟರಿ ಹಿಡಿದಳು. ಬೋಲ್ಟು ಸಡಿಲಾದೊಡನೆ ಒಂದು ಸಣ್ಣ ‘ಟಕ್’, ಗಾಡಿ ಮೂಗು ಇಳಿಸಿತು. ಇನ್ನೊಂದು ಕಡೆಯೂ ಸಡಿಲಾದಾಗ ಅದು ಮೈಯ ಭಾರವನ್ನೆಲ್ಲ ಹೊಸ ಸ್ಪ್ರಿಂಗುಗಳ ಮೇಲೆ ಬಿಟ್ಟು, ಸಮನಾಗಿ ಕೂತಿತು. ಹಳೆಯದಕ್ಕಿಂತ ನಾಲ್ಕು ಬೆರಳು ಎತ್ತರಕ್ಕೇ ಕೂತಿತು. ರಬ್ಬರಿನ ನುಲಿ ಬಿಚ್ಚಿಕೊಂಡಿತ್ತು, ಎಲ್ಲಿಯೂ ಹರಿದಿರಲಿಲ್ಲ.

“ಈಗ ಬಿಗೀರಿ ಅತ್ತೀ” ಎಂದಳು ಶೈಲಾ.

“ಹೂನವಾ, ನೀ ಹೇಳಿದಮ್ಯಾಲನ ಬಿಗೀತೇನಿ.” ಮಣ್ಣು ಮೆತ್ತಿದ ಮುಖದಲ್ಲಿ ಅವಳ ಹಲ್ಲುಗಳು ಕಂಡವು.

ಮೇಲೆ ಬಂದವಳೇ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ಅದುಮಿ ಬಿಟ್ಟಳು. ಗಾಡಿ ಒಮ್ಮೆ ತಗ್ಗಿ, ಒಮ್ಮೆ ಎದ್ದು, ನಿಂತುಬಿಟ್ಟಿತು. ನರಳಲಿಲ್ಲ. ಅವಳು ಪಾನಾವನ್ನು ಒಳಗೆ ಒಯ್ದು ಕಂಬಳಿಯ ಮೇಲೆ ಅದರ ಜಾಗದಲ್ಲಿಯೇ ಇಟ್ಟಳು. ಕುಂಕುಮದ ಮೇಲೆ ಹತ್ತಿದ್ದ ಗ್ರೀಸನ್ನು ಒರೆಸಲಿಲ್ಲ.

ಹೊರಗೆ ಟ್ರ್ಯಾಕ್ಟರು ಆಗಲೇ ಚಾಲೂ ಆಗಿತ್ತು. ಅದರ ಮುಂದೆ ಬಾಳೆಕಂದು ಕಟ್ಟಿ ಆಗಿತ್ತು. ಸಂಜಯ ಕೆಂಪು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ. ಟಾಯರನ್ನು ಕಾಲಿನಿಂದ ಒತ್ತಿ ನೋಡಿದ.

“ಬಾ ಹಂಗಾರ. ಆದ್ರ ಎಲ್ಲಾರ ಹಿಂದ ಬಾ ಅವ್ವಾ. ಮುಂದ ಗಂಡಸರ ಗಾಡಿ ಇರ್ತಾವು. ನೋಡಿದ ಮಂದಿ ಏನಂದಾರು?”

“ಮಂದಿ?” ಸೋನಾಬಾಯಿ ಶೈಲಾಳ ಕೈಯಿಂದ ಕೀಲಿ ತೆಗೆದುಕೊಂಡಳು. “ಶೈಲಾ, ನೀ ಮಗ್ಗಲ ಸೀಟಿನ್ಯಾಗ ಹತ್ತು. ಸಂಜ್ಯಾ, ಆ ಟ್ರ್ಯಾಕ್ಟರ ಒಂದೀಟ ಬಾಜೂಕ ತಗಿ, ನನಗ ಮುಂದ ಹೋಗಾಕ ದಾರಿ ಬೇಕು. ಮತ್ತ ಕೇಳು, ನಿನ್ನ ತೊಡಿಮ್ಯಾಲ ಕುಂದ್ರಿಸ್ಕೊಂಡ ನಾ ಕಬ್ಬ ಹೊಡದಾಗ ಇದ ಮಂದಿ ಏನಂದಿತ್ತು…” ಎನ್ನುತ್ತಲೇ ಅವಳು ಬೆನ್ನು ತಿರುಗಿಸಿ, ಮಣ್ಣಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, ಗಾಡಿಯತ್ತ ನಡೆದೇಬಿಟ್ಟಳು.