ಸೋಪಲ್ಲದ ಬಿಳಿ ಪುಡಿ

ನಮ್ಮ ಮೇಡಂ ತಮ್ಮ ಕನ್ನಡಕದ ಎರಡು ಕಡ್ಡಿಗಳಿಗೂ ಕಪ್ಪು ದಾರ ಕಟ್ಟಿ, ಅದನ್ನು ತುರುಬಿನ ಹಿಂದೆ ಗಂಟು ಹಾಕಿರುತ್ತಿದ್ದರು. ಸೀರೆಯ ಮೇಲೆ ಗಂಡಸರ ಅಳತೆಯ ಬಿಳಿ ಕೋಟು. ಅದರ ತೋಳುಗಳನ್ನು ಮಡಿಸಿ ಮಡಿಸಿ ಮಣಿಕಟ್ಟಿನ ಬಳಿ ದಪ್ಪ ಸಿಂಬೆಯ ಹಾಗೆ ಮಾಡಿಕೊಂಡಿರುತ್ತಿದ್ದರು. ಸೆರಗು ಎಲ್ಲಿಯೂ ಕಾಣುವಂತಿರಲಿಲ್ಲ. ಕೋಟಿನೊಳಗೆ ತೂರಿಸಿ ಪಿನ್ನು ಹಾಕಿಬಿಡುತ್ತಿದ್ದರು. ನನಗೂ ಹಾಗೇ ಮಾಡು ಎಂದರು. ಗಂಡ ಹೋದ ಮೇಲೆ ತಲೆಯ ಮೇಲೆ ಸೆರಗಿಲ್ಲದೆ ಹೊಸಿಲು ದಾಟದಿದ್ದ ನನಗೆ ಮೊದಲ ದಿನವೇ ಅಳು ಬಂತು. ಅವರಿಗೆ ಅದು ಕಾಣಿಸಲೇ ಇಲ್ಲ. ಕಾಣಿಸಿದ್ದು ನನ್ನ ಎಡಗಣ್ಣು.

ಮಕ್ಕಳೇ, ನನ್ನ ಎಡಗಣ್ಣಿನಲ್ಲಿ ಹೂವು ಬಿದ್ದಿರುವುದು ನಿಮಗೆ ಗೊತ್ತು. ಚಿಕ್ಕವಳಿದ್ದಾಗ ಕಣ್ಣು ಕೆಂಪಾಗಿತ್ತೆಂದು ಯಾರೋ ಸೊಪ್ಪಿನ ರಸ ಹಿಂಡಿದ್ದರು. ಅಂದಿನಿಂದ ಆ ಕಣ್ಣಿಗೆ ಬೆಳಕು ನೆರಳು ಬಿಟ್ಟರೆ ಏನೂ ತಿಳಿಯದು. ನಿಮ್ಮ ತಾತ ಹಾಸನದ ಕಾಲೇಜೊಂದರಲ್ಲಿ ಡ್ರೈವರ್ ಆಗಿದ್ದರು. ಅವರು ತೀರಿಕೊಂಡಾಗ ಆ ಕಾಲೇಜಿನವರು ನನಗೆ ಅಟೆಂಡರ್ ಕೆಲಸ ಕೊಟ್ಟು ಸಸ್ಯಶಾಸ್ತ್ರದ ಪ್ರಯೋಗಾಲಯಕ್ಕೆ ಹಾಕಿದರು. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು, ಇರುವ ಒಂದು ಕಣ್ಣಿನಲ್ಲಿ ಗಾಜಿನ ಸಾಮಾನು ತೊಳೆದು ನಿಮ್ಮ ಅಮ್ಮನನ್ನೂ ಚಿಕ್ಕಮ್ಮನನ್ನೂ ಸಾಕಬೇಕಿತ್ತು. ನಾನು ಹೇಳುತ್ತಿರುವುದು ಆ ಪ್ರಯೋಗಾಲಯದ ಮೇಡಂ ವಿಷಯ.

ಅಷ್ಟು ತಲೆ ತಿನ್ನುವ ಹೆಂಗಸನ್ನು ನಾನು ಮತ್ತೆ ನೋಡಿಲ್ಲ.

ಒಂದು ಬಿಳಿ ಪುಡಿಯ ಡಬ್ಬ ಇತ್ತು. ಎಲೆಯನ್ನು ಅರೆದು ಅದರೊಳಗಿನ ಡಿಎನ್‌ಎ ತೆಗೆಯಲು ಹುಡುಗರಿಗೆ ಅದು ಬೇಕು. ಎಲ್ಲರೂ ಅದನ್ನು ‘ಸಿ-ಟ್ಯಾಬ್’ ಎನ್ನುತ್ತಿದ್ದರು. ಮೇಡಂ ಮಾತ್ರ ಸಿಟೈಲ್ ಟ್ರೈಮಿಥೈಲ್ ಅಮೋನಿಯಂ ಬ್ರೋಮೈಡ್ ಎಂದು ಪೂರ್ತಿ ಹೇಳಿ, ನನ್ನಿಂದಲೂ ಹೇಳಿಸುತ್ತಿದ್ದರು. ನೋಡಲು ಥೇಟ್ ಬಟ್ಟೆ ಸೋಪಿನ ಪುಡಿ. ನೀರಿಗೆ ಹಾಕಿ ಅಲ್ಲಾಡಿಸಿದರೆ ನೊರೆಯೋ ನೊರೆ. ಅದಕ್ಕೇ ಅವರು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿದ್ದರು: ‘ಇದು ಸೋಪಲ್ಲ. ವಿಷ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.’ ದಿನಾ ಬೆಳಿಗ್ಗೆ ಬೀಗ ತೆಗೆದ ಕೂಡಲೇ ನನ್ನನ್ನು ಅದರ ಮುಂದೆ ನಿಲ್ಲಿಸುತ್ತಿದ್ದರು.

“ಓದಮ್ಮಾ.”

“ನೆನ್ನೆ ಓದಿವ್ನಿ ಮೇಡಂ.”

“ನೆನ್ನೆದು ನೆನ್ನೆಗಾಯ್ತು. ಇವತ್ತಿಂದು ಓದು.”

ಹುಡುಗಿಯರು ಬಾಗಿಲಲ್ಲಿ ನಿಂತು ಕಿಸಕ್ಕನೆ ನಗುವರು. ನಾನು ತಲೆ ತಗ್ಗಿಸಿ ಓದುವೆನು. ಮೇಡಂ ಜೋರಾಗಿ ಓದು ಎನ್ನುವರು. ಜೋರಾಗಿ ಓದುವೆನು.

ಪುಡಿ ತೂಗುವಾಗ ಫ್ಯಾನು ಹಾಕುವಂತಿಲ್ಲ, ಹಾರುತ್ತದಂತೆ. ಚೈತ್ರದ ಬಿಸಿಲಿನಲ್ಲಿ ಕಿಟಕಿ ಮುಚ್ಚಿ, ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಬಟ್ಟೆ, ಬೆವರು ಬೆನ್ನಲ್ಲಿ ಹರಿಯುತ್ತಿದ್ದರೂ ಅವರು ಚಮಚದಿಂದ ಒಂದೊಂದು ಚಿಟಿಕೆ ಹಾಕುತ್ತಾ ಕೂರುವರು. ಚೆಲ್ಲಿದರೆ ಪೊರಕೆ ಮುಟ್ಟುವಂತಿಲ್ಲ. ಒದ್ದೆ ಕಾಗದದಲ್ಲಿ ಒರೆಸಿ ಚೀಲಕ್ಕೆ ಹಾಕಬೇಕು. ಊಟದ ಡಬ್ಬಿ ಒಳಗೆ ತರುವಂತಿಲ್ಲ. ಪಾತ್ರೆ ತೊಳೆದ ಮೊದಲ ನೀರನ್ನು ಸಿಂಕಿಗೆ ಸುರಿಯುವಂತಿಲ್ಲ. ನಮ್ಮ ಮೋರಿ ಹಿಂದಿನ ಕೆರೆಗೆ ಸೇರುತ್ತಿತ್ತು. “ಮೀನು ನಿನಗೇನು ಮಾಡಿತ್ತಮ್ಮಾ?” ಎಂದು ನನ್ನನ್ನೇ ಕೇಳುವರು, ಕೆರೆಗೆ ನಾನೇ ವಿಷ ಹಾಕಲು ಹೊರಟಂತೆ. ಆ ನೀರೆಲ್ಲ ಕ್ಯಾನುಗಳಲ್ಲಿ ತುಂಬಿ ಮೂಲೆಯಲ್ಲಿ ಸಾಲಾಗಿ ನಿಂತಿರುತ್ತಿತ್ತು. ತೆಗೆದುಕೊಂಡು ಹೋಗುವ ಗಾಡಿ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅಲ್ಲಿಯವರೆಗೆ ಅವನ್ನು ಎತ್ತಿ ಎತ್ತಿ ಕೆಳಗೆ ಒರೆಸುವುದು ಯಾರು? ನಾನು.

ಎಲ್ಲಕ್ಕಿಂತ ಹೆಚ್ಚು ಅವಮಾನವೆನಿಸಿದ್ದು ಆ ಪ್ಲಾಸ್ಟಿಕ್ ಕನ್ನಡಕ. ಬೇರೆ ಅಟೆಂಡರುಗಳಿಗೆ ಕೆಲಸವಿದ್ದಾಗ ಮಾತ್ರ. ನನಗೆ ಪ್ರಯೋಗಾಲಯದೊಳಗೆ ಕಾಲಿಟ್ಟಾಗಿನಿಂದ ಹೊರಗೆ ಹೋಗುವವರೆಗೆ. ಸ್ಟೋರು ನೋಡಿಕೊಳ್ಳುತ್ತಿದ್ದ ಅರಕಲಗೂಡು ಕಡೆಯ ಹಿರಿಯರೊಬ್ಬರು ನನ್ನನ್ನು ಕಂಡಾಗಲೆಲ್ಲ, “ಏನವ್ವಾ, ಬಾವಿಗ್ ಧುಮುಕಾಕೆ ಒಂಟ್ಯಾ?” ಎಂದು ನಗುತ್ತಿದ್ದರು. ಕೆಟ್ಟವರಲ್ಲ, ಬಾಯಿ ಸುಮ್ಮನಿರುತ್ತಿರಲಿಲ್ಲ ಅಷ್ಟೆ. ಒಂದು ದಿನ ನಾನು ಧೈರ್ಯ ಮಾಡಿ ಮೇಡಂ ಹತ್ತಿರ ಕೇಳಿದೆ, ನನಗೊಬ್ಬಳಿಗೇ ಯಾಕೆ ಇದು ಅಂತ.

“ಉಳಿದೋರಿಗೆ ಎರಡಿದೆ,” ಎಂದರು. ಮತ್ತೆ ಪುಡಿ ತೂಗಲು ಕುಳಿತರು.

ಅಂಥ ಮಾತನ್ನು ಯಾರಾದರೂ ಹಾಗೆ ಮುಖಕ್ಕೆ ಹೊಡೆದಂತೆ ಹೇಳುತ್ತಾರೆಯೇ? ಮನೆಯಿದ್ದ ಶಾಂತಿಗ್ರಾಮದವರೆಗೂ ಬಸ್ಸಿನಲ್ಲಿ ಕುದಿಯುತ್ತಲೇ ಬಂದೆ.

ಆ ಪುಡಿಯಿಂದ ಮಾಡಿದ ದ್ರಾವಣಕ್ಕೆ ಒಂದು ಗುಣವಿತ್ತು. ಚಳಿಗೆ ಗಟ್ಟಿಯಾಗುತ್ತಿತ್ತು. ಹಾಸನದ ಧನುರ್ಮಾಸದ ಚಳಿಯಲ್ಲಿ ಮನೆಯ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಕಟ್ಟಿಕೊಳ್ಳುವಂತೆಯೇ ಇದೂ ಬೆಳ್ಳಗೆ ಕಟ್ಟುತ್ತಿತ್ತು. ಆಗ ಮೇಡಂ ಮುಚ್ಚಳ ಸಡಿಲಿಸಿ, ಬಾಟಲಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಮಗುವಿಗೆ ಎಣ್ಣೆ ನೀರು ಹಾಕುವವರಂತೆ ಮೆಲ್ಲಗೆ ತಿರುಗಿಸುತ್ತಾ ಕರಗಿಸುತ್ತಿದ್ದರು. ಅದಕ್ಕೆ ಅರ್ಧ ಬೆಳಗು ಬೇಕು.

ಅಂಥದೊಂದು ಬೆಳಿಗ್ಗೆ ಅವರು ಕ್ಲಾಸಿಗೆ ಹೋಗಿದ್ದರು. ನಾನು ಹೊರಗೆ ಕಾರಿಡಾರು ಒರೆಸುತ್ತಿದ್ದೆ. ಕನ್ನಡಕ ಒಳಗೆ ಮೊಳೆಯಲ್ಲಿ ತೂಗುತ್ತಿತ್ತು. ಸ್ಟೋರಿನವರು ಉಪಕಾರ ಮಾಡಲು ಹೋದರು. ಬಾಟಲಿಯನ್ನು ತಂದು, ಮುಚ್ಚಳ ಬಿಗಿದಿದ್ದಂತೆಯೇ, ಹೊರಗಿನ ಕಪ್ಪು ಕಲ್ಲಿನ ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟರು. ನಮ್ಮ ಕಡೆ ಎಲ್ಲರ ಮನೆಯಲ್ಲಿಯೂ ತಲೆಗೆ ಹಚ್ಚುವ ಎಣ್ಣೆಗೆ ಮಾಡುವುದು ಅದನ್ನೇ ಅಲ್ಲವೇ? ನಾನು ಬಕೆಟ್ಟು ಹಿಡಿದು ಮೆಟ್ಟಿಲಿಗೆ ಬರುವ ಹೊತ್ತಿಗೆ ಅದು ಬೆಚ್ಚಗಾಗಿತ್ತು. ಅವರು ಎಣ್ಣೆ ಬಾಟಲಿಯನ್ನು ಕುಲುಕುವಂತೆಯೇ ಗಡಗಡ ಕುಲುಕಿದರು.

“ನೋಡವ್ವಾ, ಎಂಗ್ ಕರಗೋಯ್ತು! ನಿಮ್ಮ ಮೇಡಮ್ಮೋರು ಬಿಸ್ನೀರಲ್ಲಿ ಅದುಕ್ಕೆ ಸ್ನಾನ ಮಾಡುಸ್ಕಂಡು ಕೂತಿರ್ತಾರೆ,” ಎಂದು ಹೇಳುತ್ತಾ ಮುಚ್ಚಳ ತಿರುಗಿಸಿದರು.

ಬುಸ್ಸೆಂದಿತು. ನೊರೆ ಹಾರಿ ನನ್ನ ಬಲಗಣ್ಣಿಗೆ ಹೊಡೆಯಿತು.

ಮೊದಲು ಸೋಪು ಬಿದ್ದಂತೆ ಉರಿ, ಅಷ್ಟೇ. ಸೆರಗಿನಿಂದ ಒರೆಸಿಕೊಳ್ಳಲು ಹೋದೆ. ಸ್ಟೋರಿನವರು ಗಾಬರಿಯಿಂದ, “ಅರಳೆಣ್ಣೆ ಬುಡ್ರೀ ಯಾರಾದ್ರೂ, ತಂಪಾಯ್ತದೆ!” ಎಂದು ಕೂಗುತ್ತಿದ್ದರು. ಕಣ್ಣು ಬಿಟ್ಟರೆ ಎದುರಿಗೆ ಬರೀ ಹಾಲು. ಎಡಗಣ್ಣು ಹೇಗೂ ಇಲ್ಲ. ಚೀರಿಕೊಂಡೆ.

ಕೂಗು ಕೇಳಿ ಮೇಡಂ ಕ್ಲಾಸು ಬಿಟ್ಟು ಓಡಿ ಬಂದರು. ಏನಾಯಿತೆಂದು ಕೇಳಲಿಲ್ಲ. ಬಾಟಲಿಯನ್ನು ನೋಡಿರಬೇಕು. ನನ್ನ ಸೆರಗು ಕಿತ್ತು, ಕತ್ತು ಹಿಡಿದು, ಹಿತ್ತಲ ನಲ್ಲಿಯ ಕೆಳಗೆ ಬಗ್ಗಿಸಿದರು. ಸಣ್ಣಗೆ ನೀರು ಬಿಟ್ಟು, ರೆಪ್ಪೆಗಳನ್ನು ತಮ್ಮ ಬೆರಳುಗಳಿಂದ ಅಗಲಿಸಿ ಹಿಡಿದರು. ಆ ನೀರು ಎಷ್ಟು ತಣ್ಣಗಿತ್ತು! ಜಡೆ ಬಿಚ್ಚಿಹೋಯಿತು, ರವಿಕೆ ತೊಯ್ದಿತು. ಕ್ಲಾಸಿನ ಹುಡುಗರೆಲ್ಲ ಹಿಂದೆಯೇ ಬಂದು ನಿಂತಿದ್ದರು. ನನಗೆ ಕಣ್ಣಿಗಿಂತ ಮಾನದ ಚಿಂತೆ.

“ಸಾಕು ಬುಡಿ ಮೇಡಂ. ನಿಮ್ ಕಾಲಿಗ್ ಬೀಳ್ತೀನಿ.”

“ಬಾಯಿ ಮುಚ್ಚು. ಕಣ್ಣು ಮುಚ್ಚಬೇಡ. ಹುಡುಗ್ರಾ, ಏನ್ರೋ ನೋಡ್ತೀರಾ? ಆ ಕಡೆ ತಿರುಗ್ರೋ! ತಲೆ ಈ ಕಡೆ ವಾಲಿಸು, ಈ ನೀರು ಆ ಕಣ್ಣಿಗೆ ಹೋಗಬಾರದು.”

“ಅದು ಊಬಿದ್ದ ಕಣ್ಣು ತಾನೆ ಮೇಡಂ.”

“ಅದೂ ಕಣ್ಣೇ.”

ಕಾಲು ಗಂಟೆ ನೀರು ಬಿಡಲೇಬೇಕಂತೆ. ಕೈಗಡಿಯಾರ ಕೋಟಿನ ತೋಳಿನೊಳಗೆ ಹೂತುಹೋಗಿತ್ತು, ನನ್ನ ರೆಪ್ಪೆ ಬಿಟ್ಟು ಅದನ್ನು ನೋಡಲು ಅವರು ಒಪ್ಪಲಿಲ್ಲ. ಅದಕ್ಕೆ ಹಾಡಲು ಶುರು ಮಾಡಿದರು. ಅವರು ರುದ್ರಪಟ್ಟಣದವರು. ಆ ಊರಿನಲ್ಲಿ ಮನೆಮನೆಗೂ ಸಂಗೀತ, ಅವರ ಅಣ್ಣ ತಮ್ಮಂದಿರೆಲ್ಲ ವಿದ್ವಾಂಸರು. ಇವರೊಬ್ಬರ ಗಂಟಲಿಗೆ ಶ್ರುತಿ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಯಾವುದೋ ವರ್ಣ, ಎರಡು ಸಲ ಹಾಡಿದರೆ ಕಾಲು ಗಂಟೆಯೆಂದು ಅವರಿಗೆ ಲೆಕ್ಕ ಗೊತ್ತಿತ್ತು. ಒಡೆದ ತಂಬಿಗೆಯಂಥ ದನಿಯಲ್ಲಿ, ನನ್ನ ಕೆನ್ನೆಯ ಮೇಲೆ ಕಿರುಬೆರಳಿನಿಂದ ತಾಳ ಹಾಕುತ್ತಾ, ಒಂದು ಸ್ವರವನ್ನೂ ಬಿಡದೆ ಎರಡು ಸಲ ಹಾಡಿದರು. ಆ ಕಡೆ ತಿರುಗಿ ನಿಂತ ಹುಡುಗರ ಭುಜಗಳು ನಗೆಗೆ ಕುಣಿಯುತ್ತಿದ್ದುವಂತೆ. ನಾನು ನಡುಗುತ್ತಾ, ಇದು ಮುಗಿದರೆ ಸಾಕಪ್ಪಾ ದೇವರೇ ಎಂದುಕೊಂಡೆ. ಮುಗಿಯಿತು. ಅವರು ನನ್ನ ಕಣ್ಣನ್ನು ಇಣುಕಿ ನೋಡಿ, “ಇನ್ನೊಂದು ಸಲ,” ಎಂದು ಮತ್ತೆ ಮೊದಲಿನಿಂದ ಹಿಡಿದರು.

ಆಮೇಲೆ ತಮ್ಮ ಕೋಟನ್ನು ಬಿಚ್ಚಿ ನನಗೆ ಹೊದಿಸಿ, ಪುಡಿಯ ಡಬ್ಬದ ಮೇಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಆಟೋದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ದೀಪ ಬಿಟ್ಟು ನೋಡಿ, “ಮೇಲಿನ ಪದರ ಸುಟ್ಟಿದೆ, ಒಳಗೆ ಇಳಿದಿಲ್ಲ. ತಕ್ಷಣ ಇಷ್ಟು ನೀರು ಬಿಡದಿದ್ದರೆ ಕಷ್ಟ ಇತ್ತು,” ಎಂದರು. ನಾನು ಕೈಮುಗಿಯಲು ಮೇಡಂ ಕಡೆ ತಿರುಗಿದರೆ, ಅವರು ಆ ಡಾಕ್ಟರಿಗೇ ಆ ಪುಡಿಯ ಪೂರ್ತಿ ಹೆಸರು ಹೇಳಿಕೊಡುತ್ತಿದ್ದರು.

ಕಣ್ಣಿಗೆ ಪಟ್ಟಿ ಕಟ್ಟಿದರು. ಮಾರನೆಯ ದಿನ, ಮನೆಯಲ್ಲಿ ಕುಳಿತರೆ ಹೆದರಿಕೆಯೇ ತಿನ್ನುತ್ತದೆಂದು ನಿಮ್ಮ ಅಮ್ಮನ ಕೈ ಹಿಡಿದು ಕಾಲೇಜಿಗೆ ಹೋದೆ. ಇಂದಾದರೂ ಆ ಡಬ್ಬದ ಕಾಟ ತಪ್ಪಿತು ಎಂದುಕೊಂಡರೆ, ಬೀಗ ತೆಗೆದ ಸದ್ದಿನ ಹಿಂದೆಯೇ ಅವರ ದನಿ.

“ಓದಮ್ಮಾ.”

ನನಗೆ ಸಿಟ್ಟು ನೆತ್ತಿಗೇರಿತು. “ಏನ್ ಓದ್ಲಿ ಮೇಡಂ? ಕಣ್ ಕಾಣ್ತದಾ ನಂಗೆ?”

ಡಬ್ಬವನ್ನು ತಮ್ಮ ಕಡೆ ಎಳೆದುಕೊಂಡ ಸದ್ದಾಯಿತು. ಆಮೇಲೆ ತಾವೇ ಓದಿದರು, ಜೋರಾಗಿ. ಇದು ಸೋಪಲ್ಲ. ವಿಷ. ಕಣ್ಣಿಗೆ ಬಿದ್ದರೆ ಎನ್ನುವಲ್ಲಿ ನಿಲ್ಲಿಸಿದರು. ಮತ್ತೆ ಮೊದಲಿನಿಂದ ಹಿಡಿದು ಪೂರ್ತಿ ಓದಿದರು. ಪಟ್ಟಿ ಬಿಚ್ಚುವವರೆಗೂ ದಿನಾ ಅವರೇ ಓದಿದರು. ಪಟ್ಟಿ ಬಿಚ್ಚಿದ ಮಾರನೆಯ ದಿನ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತರು. ನಾನು ಹೇಳಿಸಿಕೊಳ್ಳದೆ ಓದಿದೆ. “ಜೋರಾಗಿ,” ಎಂದರು. ಪುಣ್ಯಾತ್ಗಿತ್ತಿ.

ಆಮೇಲೂ ಅವರು ಬದಲಾಗಲಿಲ್ಲ. ನಿವೃತ್ತರಾಗುವ ದಿನ ಹಾರ ಹಾಕಿಸಿಕೊಂಡು ಹೋಗುವಾಗಲೂ, ಮೂಲೆಯ ಕ್ಯಾನುಗಳ ಮುಚ್ಚಳಗಳು ಬಿಗಿಯಾಗಿವೆಯೇ ಎಂದು ಹಾರದಲ್ಲಿಯೇ ಬಗ್ಗಿ ನೋಡಿದರು. ನನಗೆ ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲ. ನಾನೂ ನಾಚಿಕೆಯಿಂದ ಹೇಳಲಿಲ್ಲ.

ಕೆಲವು ವರ್ಷಗಳ ನಂತರ ಹೊಳೆನರಸೀಪುರದ ಅಣ್ಣನ ಮನೆಯಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ನನಗೂ ಹೇಳಿಕಳಿಸಿದ್ದರು. ಊಟದ ನಂತರ ಪಡಸಾಲೆಯಲ್ಲಿ ಅವರ ತಮ್ಮ ತಂಬೂರಿ ಹಿಡಿದು ಹಾಡಲು ಕುಳಿತರು. ನಾನು ಬಾಗಿಲ ಬಳಿ ಕಂಬಕ್ಕೆ ಒರಗಿದ್ದೆ. ಎರಡು ಸಾಲು ಆಗುವಷ್ಟರಲ್ಲಿ ನನಗೆ ಗೊತ್ತಾಯಿತು, ಅದೇ ವರ್ಣ. ಎಷ್ಟು ಚೆನ್ನಾಗಿ ಹಾಡಿದರು! ನನಗಂತೂ ಒಂದಿಷ್ಟೂ ಹಿಡಿಸಲಿಲ್ಲ. ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯಲಿಲ್ಲ, ಎಲ್ಲಿ ಶ್ರುತಿ ಜಾರಬೇಕೋ ಅಲ್ಲಿ ಜಾರಲಿಲ್ಲ.

ಕೂತವರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನ್ನ ಕಣ್ಣು ತುಂಬಿ ಉರಿಯುತ್ತಿತ್ತು. ಹಾಡು ಮುಗಿಯುವವರೆಗೂ ನಾನು ಕಣ್ಣು ಮುಚ್ಚಲಿಲ್ಲ.