ಶಾಂತಕ್ಕ ಜೋಡಿಸಿಕೊಟ್ಟ ಶಬ್ದಗಳು

ನಿನ್ನೆ ನವಿ ಮುಂಬಯಿಯ ಸೀವುಡ್ಸ್‌ನ ನಮ್ಮ ಮನೆಯಲ್ಲಿ ಹಳೆಯ ಪರ್ಸೊಂದನ್ನು ಎಸೆಯುವ ಮುನ್ನ ಒಳಗೆ ಕೈ ಹಾಕಿದೆ. ನಾಲ್ಕು ಮಡಿಕೆಯ ಕಾಗದ ಸಿಕ್ಕಿತು. ಬಿಡಿಸಿದರೆ ದುಂಡಗಿನ ಕೈಬರಹದಲ್ಲಿ ಇಂಗ್ಲಿಷ್ ಶಬ್ದಗಳು: ಕೇರ್, ಕೇರ್‌ಫುಲ್, ಕೇರ್‌ಲೆಸ್, ಕೇರ್‌ಲೆಸ್‌ನೆಸ್. ನಂಬುತ್ತೀರೋ ಇಲ್ಲವೋ, ಇಷ್ಟು ವರ್ಷಗಳ ಮೇಲೂ ಅವನ್ನು ಸಾಲಾಗಿ ಬಾಯಲ್ಲಿ ಆಡಿಬಿಟ್ಟೆ.

ಆಗ ನಾವು ಡೊಂಬಿವಲಿಯಲ್ಲಿದ್ದೆವು. ನಾನು ಠಾಣೆಯ ಆಫೀಸೊಂದರಲ್ಲಿ ಟೆಂಪರರಿ ಟೈಪಿಸ್ಟ್. ಪರ್ಮನೆಂಟ್ ಆಗಲು ಪರೀಕ್ಷೆ ಬರೆಯಬೇಕು. ವಯಸ್ಸಿನ ಮಿತಿ ಮುಗಿಯುತ್ತಿದ್ದುದರಿಂದ ನನಗೆ ಅದೊಂದೇ ಅವಕಾಶ. ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ ಕಲಿತ ನನಗೆ ಇಂಗ್ಲಿಷ್ ಶಬ್ದ ಕಟ್ಟುವ ಪ್ರಶ್ನೆಗಳೆಂದರೆ ಹೆದರಿಕೆ. ಆಫೀಸಿನ ಹಿರಿಯ ಗುಮಾಸ್ತೆ, ಧಾರವಾಡದ ಶಾಂತಕ್ಕ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲೇ ಪಾಠ ಶುರುಮಾಡಿದರು.

"ಹೆದರಬ್ಯಾಡವಾ. ಗಾಡಿಗೆ ಡಬ್ಬಿ ಜೋಡಿಸಿದಂಗ. ನಡುವ ಒಂದು ಶಬ್ದ ಇಡು. ಬೇಕಾದ್ರ ಮುಂದೊಂದು ಹಚ್ಚು, ಹಿಂದೊಂದು ಹಚ್ಚು."

"ಯಾವುದಕ್ಕೆ ಯಾವುದು ಅಂತ ಹೇಗೆ ಗೊತ್ತಾಗುದು ಅಕ್ಕ?"

"ದಿನಾ ಬಾಯಾಗ ಆಡು. ತಾನ ಗೊತ್ತಾಗ್ತದ."

ಆಡಿದೆ. ಹೋಟೆಲ್ ಕೆಲಸದಿಂದ ಬಂದ ಗಂಡ ತುತ್ತು ಬಾಯಿಗಿಟ್ಟು, "ಎಂತ ಮಾರಾಯ್ತಿ, ಸಾರು ಉಪ್ಪುಲೆಸ್ಸಾ?" ಎನ್ನುವವರೆಗೂ ಆಡಿದೆ.

ಡೊಂಬಿವಲಿಯವರ ಪದ್ಧತಿ ನಿಮಗೆ ಗೊತ್ತಿರಬಹುದು. ಬೆಳಿಗ್ಗೆ ಠಾಣೆ ಕಡೆಯ ಗಾಡಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಅದಕ್ಕೇ ನಾವು ಉಲ್ಟಾ ಕಲ್ಯಾಣ್ ಗಾಡಿ ಹತ್ತಿ ಸೀಟು ಹಿಡಿದು, ಅದು ಅಲ್ಲಿಂದ ತಿರುಗಿದಾಗ ಕುಳಿತೇ ಬರುತ್ತಿದ್ದೆವು. ಪಕ್ಕದ ಸೀಟಿಗೆ ನಾನು ಕರವಸ್ತ್ರ ಹಾಕುತ್ತಿದ್ದೆ. ಮುಂದಿನ ಠಾಕುರ್ಲಿಯಲ್ಲಿ ಶಾಂತಕ್ಕ ಹತ್ತುತ್ತಿದ್ದರು.

ಪರೀಕ್ಷೆಯ ದಿನವೂ ಹಾಗೆಯೇ ಹತ್ತಿ, ಕರವಸ್ತ್ರ ಹಾಕಿ, ಶಾಂತಕ್ಕ ಬರೆದುಕೊಟ್ಟ ಈ ಕಾಗದದಲ್ಲಿ ಮುಳುಗಿದೆ. ಯಾವ ಗಾಡಿ ಎಂದು ತೋರಿಸುವ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ನೋಡಲಿಲ್ಲ. ಗಾಡಿ ಠಾಕುರ್ಲಿಯಲ್ಲಿ ನಿಲ್ಲಲಿಲ್ಲ, ಕಲ್ಯಾಣದಲ್ಲಿ ತಿರುಗಲೂ ಇಲ್ಲ. ತಲೆಯೆತ್ತಿದಾಗ ಅಂಬರನಾಥ! ನಾನು ಕುಳಿತದ್ದು ಕಲ್ಯಾಣ ದಾಟಿ ದೂರ ಹೋಗುವ ಕರ್ಜತ್ ಫಾಸ್ಟ್ ಗಾಡಿಯಲ್ಲಿ. ಪಕ್ಕದಲ್ಲಿ ಕರವಸ್ತ್ರ ಹಾಗೇ ಇತ್ತು. ಇಳಿದು, ಬ್ರಿಜ್ ಹತ್ತಿಳಿದು, ವಾಪಸ್ ಗಾಡಿಗೆ ಜೋತುಬಿದ್ದೆ. ಕಲಿತ ಶಬ್ದಗಳೆಲ್ಲ ತಲೆಯಿಂದ ಒಂದೊಂದಾಗಿ ಇಳಿದುಹೋದವು. ಠಾಣೆಗೆ ಮೊದಲು ಸಿಗುವ ಮುಂಬ್ರಾ ದಾಟುವಾಗ ಮೊಬೈಲ್ ಬಡಿದುಕೊಂಡಿತು. ಬೇರೆ ಗಾಡಿಯಲ್ಲಿ ಪರೀಕ್ಷಾ ಕೇಂದ್ರ ಮುಟ್ಟಿದ್ದ ಶಾಂತಕ್ಕ.

"ಎಲ್ಲಿದ್ದೀಯವಾ? ಗೇಟ್ ಮುಚ್ಚತಾರ, ಲಗೂನ ಬಾ!"

ಓಡಿ ಹೋದಾಗ ಶಾಂತಕ್ಕ ಒಂದು ಕಾಲನ್ನು ಗೇಟಿನೊಳಗಿಟ್ಟು, ವಾಚ್‌ಮನ್ ಜೊತೆ ಮರಾಠಿಯಲ್ಲಿ ಜಗಳವಾಡುತ್ತಿದ್ದರು. ಕಾಲು ತೆಗೆದದ್ದು ನಾನು ಒಳಹೊಕ್ಕ ಮೇಲೆಯೇ.

ಪಾಸಾದೆ. ಪರ್ಮನೆಂಟ್ ಆರ್ಡರ್ ವಾಶಿ ಬ್ರ್ಯಾಂಚಿಗೆ ಬಂತು. ಮನೆ ಬದಲಾಯಿತು, ಗಾಡಿಯೂ ಬದಲಾಯಿತು. ಶಾಂತಕ್ಕನಿಗೆ ನಾಳೆ ಫೋನ್ ಮಾಡೋಣ ಎನ್ನುತ್ತಾ ಏಳು ವರ್ಷ ಕಳೆದೆ. ಅವರ ರಿಟೈರ್ಮೆಂಟ್ ಬೀಳ್ಕೊಡುಗೆಗೂ ಹೋಗಲಿಲ್ಲ. ನಿನ್ನೆ ಆ ಕಾಗದ ನೋಡಿ ನಾಚಿಕೆಯಾಯಿತು. ಕೊನೆಯ ಶಬ್ದ, ಕೇರ್‌ಲೆಸ್‌ನೆಸ್, ನನ್ನನ್ನೇ ನೋಡಿ ಬರೆದ ಹಾಗಿತ್ತು.

ಹಳೆಯ ನಂಬರಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಬೇರೆ ಯಾರಾದರೂ ಎತ್ತಿದರೆ? ಎತ್ತಿ, ಕೇಳಬಾರದ ಸುದ್ದಿ ಹೇಳಿದರೆ? ಕೊನೆಗೆ ಯಾರೋ ಎತ್ತಿದರು.

"ಹಲೋ" ಎಂದು ಹೆಸರು ಹೇಳಿದೆ.

"ಎಲ್ಲಿದ್ದೀಯವಾ?" ಶಾಂತಕ್ಕನದೇ ದನಿ. "ಗೇಟ್ ಮುಚ್ಚತಾರ, ಲಗೂನ ಬಾ."

ಇವತ್ತು ಶಾಂತಕ್ಕನ ಮನೆಗೆ ಹೊರಟಿದ್ದೇನೆ. ಠಾಣೆಯಲ್ಲಿ ಗಾಡಿ ಬದಲಿಸಲು ನಿಂತಿದ್ದೇನೆ. ಠಾಕುರ್ಲಿಯಲ್ಲಿ ನಿಲ್ಲುವ ಗಾಡಿಯೇ ಹೌದೋ ಎಂದು ಇಂಡಿಕೇಟರನ್ನು ಮೂರು ಸಲ ನೋಡಿದ್ದೇನೆ.